ಹೊಸ ಊರು, ಹೊಸ ಚರ್ಚು: ಫಾದರ್ ಪರಿಚಯ ಮಾಡಿಕೊಳ್ಳುವುದು ಹೇಗೆ? ಬೆಳಗಾವಿ ಸೀಮೆಗೆ ಬಂದ ಕಥೋಲಿಕರಿಗೆ ಸಮಗ್ರ ಮಾರ್ಗದರ್ಶಿ

ವರ್ಗವಾಗಿಯೋ, ಓದಲಿಕ್ಕೋ, ಹೊಸ ನೌಕರಿಗೋ ಬೆಳಗಾವಿಗೆ ಬರುವ ಕಥೋಲಿಕ ಕುಟುಂಬಗಳು ಎಡವುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ಭಾನುವಾರ ತಪ್ಪದೆ ಪೂಜೆಗೆ ಬರುತ್ತಾರೆ, ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ, ಕೊನೆಯ ಹಾಡು ಮುಗಿಯುವುದರೊಳಗೆ ಬೈಕ್ ಸ್ಟಾರ್ಟ್ ಆಗಿರುತ್ತದೆ. ಹೀಗೇ ವರ್ಷಗಳು ಕಳೆಯುತ್ತವೆ. ಒಂದು ದಿನ ಮಗುವಿಗೆ ಜ್ಞಾನಸ್ನಾನ ಆಗಬೇಕು, ಇಲ್ಲವೇ ಮದುವೆಗೆ ಕಾಗದ ಬೇಕು. ಆಗ ಆಫೀಸಿನ ಬಾಗಿಲಲ್ಲಿ ನಿಂತು "ನಾವು ಇದೇ ಚರ್ಚಿನವರು" ಅನ್ನುತ್ತಾರೆ. ರಿಜಿಸ್ಟರಿನಲ್ಲಿ ಹೆಸರಿರುವುದಿಲ್ಲ. ಫಾದರಿಗೆ ಮುಖ ನೋಡಿದ ನೆನಪು ಉಂಟು, ಹೆಸರು ಗೊತ್ತಿಲ್ಲ. ಕಾಗದಕ್ಕೆ ಸಹಿ ಬೀಳುವುದು ತಡವಾಗುತ್ತದೆ. "ನಮ್ಮೂರಿನ ಫಾದರ್ ಹೀಗಿರಲಿಲ್ಲ" ಎಂಬ ಗೊಣಗಾಟ ಅಲ್ಲಿಂದ ಶುರು.

ಇದರಲ್ಲಿ ಫಾದರ್ ತಪ್ಪು ಕಡಿಮೆ, ಕ್ರಮದ ತಪ್ಪು ಹೆಚ್ಚು. ಕೆಲಸ ಬಿದ್ದ ದಿನವೇ ಪರಿಚಯಕ್ಕೆ ಹೋದರೆ ಅದು ಪರಿಚಯವಾಗುವುದಿಲ್ಲ, ಅರ್ಜಿಯಾಗುತ್ತದೆ. ಏನೂ ಬೇಕಿಲ್ಲದಿರುವಾಗಲೇ ಹೋಗಬೇಕು. ಕೆಳಗಿನ ಹಂತಗಳನ್ನು ಇರುವ ಕ್ರಮದಲ್ಲೇ ಮಾಡಿ. ಮೂರನೆಯದನ್ನು ಬಿಟ್ಟು ಐದಕ್ಕೆ ಹಾರಿದವರು ಮತ್ತೆ ಮೂರಕ್ಕೇ ಬರುತ್ತಾರೆ.

## ಶುರು ಮಾಡುವ ಮುನ್ನ: ಕೈಯಲ್ಲಿರಬೇಕಾದ ಕಾಗದಗಳು

ಒಂದು ಪ್ಲಾಸ್ಟಿಕ್ ಫೈಲು ತೆಗೆದುಕೊಳ್ಳಿ. ಮನೆಯವರೆಲ್ಲರ ಜ್ಞಾನಸ್ನಾನದ ಪ್ರಮಾಣಪತ್ರ, ಆಗಿದ್ದವರ ದೃಢೀಕರಣದ ದಿನಾಂಕ, ಗಂಡಹೆಂಡತಿಯ ಚರ್ಚ್ ಮದುವೆಯ ಪ್ರಮಾಣಪತ್ರ ಇವಿಷ್ಟರ ಜೆರಾಕ್ಸ್ ಅದರಲ್ಲಿರಲಿ. ಮೂಲಪ್ರತಿ ಮನೆಯಲ್ಲೇ ಇರಲಿ. ಜೊತೆಗೆ ಹಿಂದಿನ ಊರಿನ ಧರ್ಮಗುರುಗಳಿಂದ ಒಂದು ಕಾಗದ: "ಈ ಕುಟುಂಬ ಇಷ್ಟು ವರ್ಷ ನಮ್ಮ ಧರ್ಮಕೇಂದ್ರದಲ್ಲಿತ್ತು, ಈಗ ನಿಮ್ಮ ಕಡೆ ಬರುತ್ತಿದೆ" ಎಂದು ಅವರ ಸಹಿ, ಮೊಹರು ಇರುವಂಥದ್ದು. ನಾಲ್ಕು ಸಾಲು ಸಾಕು.

ಈ ಕಾಗದವನ್ನು ಊರು ಬಿಡುವ ಮುನ್ನವೇ ತರುವುದು ಉತ್ತಮ. ಬಿಟ್ಟು ಬಂದಿದ್ದರೆ ಫೋನ್ ಮಾಡಿ ಕೇಳಿ, ಅಂಚೆಯಲ್ಲಿ ತರಿಸಿಕೊಳ್ಳಿ. ಅದಿಲ್ಲ ಎಂಬ ಕಾರಣಕ್ಕೆ ಯಾರೂ ನಿಮ್ಮನ್ನು ಹೊರಗೆ ನಿಲ್ಲಿಸುವುದಿಲ್ಲ. ಇದ್ದರೆ ಮಾತ್ರ ಅರ್ಧ ಗಂಟೆಯ ವಿಚಾರಣೆ ಐದು ನಿಮಿಷಕ್ಕೆ ಮುಗಿಯುತ್ತದೆ.

ಒಂದು ಚೀಟಿಯಲ್ಲಿ ಈಗಿನ ವಿಳಾಸವನ್ನೂ ಬರೆದಿಟ್ಟುಕೊಳ್ಳಿ, ಗುರುತಿನ ಜಾಗದ ಸಮೇತ. ಬಾಗಲಕೋಟೆ ನವನಗರದಲ್ಲಿ ಮನೆ ಮಾಡಿದ್ದರೆ ಸೆಕ್ಟರ್ ನಂಬರ್, ಪ್ಲಾಟ್ ನಂಬರ್ ಎರಡೂ ಬೇಕು. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಒಂದು ಭಾಗ ಮುಳುಗಿದ್ದಕ್ಕೆ ಕಟ್ಟಿದ ಊರು ಅದು. ಅಲ್ಲಿ "ಆ ದೊಡ್ಡ ಬೇವಿನ ಗಿಡದ ಹತ್ತಿರ" ಅಂದರೆ ಯಾರಿಗೂ ಸಿಗುವುದಿಲ್ಲ.

## ಹಂತ 1: ನಿಮ್ಮ ಧರ್ಮಕೇಂದ್ರ ಯಾವುದೆಂದು ಖಚಿತ ಮಾಡಿಕೊಳ್ಳಿ

ಧರ್ಮಕೇಂದ್ರ ಎನ್ನುವುದು ಕಟ್ಟಡವಲ್ಲ, ಗಡಿ ಇರುವ ಪ್ರದೇಶ. ನೀವು ವಾಸಿಸುವ ಓಣಿ ಯಾವ ಚರ್ಚಿನ ಗಡಿಯೊಳಗೆ ಬರುತ್ತದೋ ಆ ಚರ್ಚಿನ ಧರ್ಮಗುರುಗಳೇ ನಿಮ್ಮ ಧರ್ಮಗುರುಗಳು. ಪೂಜೆಗೆ ಬೇರೆ ಚರ್ಚಿಗೆ ಹೋಗಲು ಅಡ್ಡಿಯಿಲ್ಲ. ಆದರೆ ನೋಂದಣಿ, ಮದುವೆಯ ಪ್ರಕಟಣೆ, ಮನೆ ಭೇಟಿ ಇವೆಲ್ಲ ಗಡಿಯ ಲೆಕ್ಕದಲ್ಲೇ ನಡೆಯುತ್ತವೆ. ಓಣಿಯಲ್ಲಿ ಇನ್ನೊಂದು ಕಥೋಲಿಕ ಮನೆಯವರನ್ನು ಕೇಳಿ. ಗೊತ್ತಾಗದಿದ್ದರೆ ಹತ್ತಿರದ ಚರ್ಚಿನ ಆಫೀಸಿಗೆ ಫೋನ್ ಮಾಡಿ ಬಡಾವಣೆಯ ಹೆಸರು ಹೇಳಿ.

ಇಲ್ಲಿ ಮೂರು ಗೊಂದಲಗಳು ಮತ್ತೆ ಮತ್ತೆ ಆಗುತ್ತವೆ.

ಮೊದಲನೆಯದು ಜಿಲ್ಲೆಯದು. ಹಲವು ಧರ್ಮಕೇಂದ್ರಗಳು ಸೇರಿ ಒಬ್ಬ ಧರ್ಮಾಧ್ಯಕ್ಷರ (ಬಿಷಪ್) ಕೆಳಗಿರುವ ಪ್ರದೇಶವೇ ಧರ್ಮಪ್ರಾಂತ್ಯ. ಬೆಳಗಾವಿ ಧರ್ಮಪ್ರಾಂತ್ಯ 1953ರಲ್ಲಿ ಆಯಿತು, ದಂಡು ಪ್ರದೇಶವಾದ ಕ್ಯಾಂಪಿನ ಫಾತಿಮಾ ಮಾತೆಯ ಚರ್ಚು ಅದರ ಪ್ರಧಾನಾಲಯ. ಬಾಗಲಕೋಟೆ ಇದರೊಳಗೇ ಬರುತ್ತದೆ. ವಿಜಯಪುರ ಹಾಗಲ್ಲ. 2005ರಲ್ಲಿ ಕಲಬುರಗಿ ಧರ್ಮಪ್ರಾಂತ್ಯ ಆದಾಗ ಅದು ಆ ಕಡೆ ಸೇರಿತು. ವಿಜಯಪುರಕ್ಕೆ ವರ್ಗವಾದವರು ಹಳೇ ನೆನಪಿನ ಮೇಲೆ ಬೆಳಗಾವಿಯ ಧರ್ಮಾಧ್ಯಕ್ಷರ ಕಚೇರಿಗೆ ಕಾಗದ ಬರೆದು ಉತ್ತರಕ್ಕಾಗಿ ಕಾಯಬೇಡಿ.

ಎರಡನೆಯದು, ಶಿಲುಬೆ ಕಂಡ ಕಡೆಯೆಲ್ಲ ಕಥೋಲಿಕ ಚರ್ಚು ಎಂದುಕೊಳ್ಳುವುದು. ಬೆಳಗಾವಿ ಕ್ಯಾಂಪಿನಲ್ಲಿ ಇದು ಸಲೀಸಾಗಿ ಆಗುವ ತಪ್ಪು. ಅಲ್ಲಿನ ಕಲ್ಲಿನ ಸೇಂಟ್ ಮೇರೀಸ್ ಚರ್ಚು ಬ್ರಿಟಿಷರ ಕಾಲದ್ದು, ಆಂಗ್ಲಿಕನ್ ಪರಂಪರೆಯದು. ಮೆಥೊಡಿಸ್ಟರೂ ಈ ಊರಿನಲ್ಲಿ ಹಳಬರೇ. ಹೆಸರಿನಲ್ಲಿ ಮೇರಿ ಇದೆ ಎಂದು ಒಳಗೆ ಹೋಗಿ "ಫಾದರ್ ಎಲ್ಲಿ?" ಎಂದು ಕೇಳಿದವರಿದ್ದಾರೆ. ಅಲ್ಲಿಯವರೂ ಒಳ್ಳೆಯವರೇ, ದಾರಿ ತೋರಿಸುತ್ತಾರೆ. ಆದರೆ ಬೋರ್ಡು ಓದಿಕೊಂಡು ಹೋದರೆ ಎಲ್ಲರಿಗೂ ನೆಮ್ಮದಿ.

ಮೂರನೆಯದು ಶಾಲೆಯ ಫಾದರು. 1856ರಿಂದ ನಡೆಯುತ್ತಿರುವ ಸೇಂಟ್ ಪಾಲ್ಸ್ ಶಾಲೆಯನ್ನು ನಡೆಸುವವರು ಯೇಸುಸಭೆಯ ಗುರುಗಳು (ಜೆಸ್ಯೂಟರು). ಮಗನ ಶಾಲೆಯ ಫಾದರ್ ಪರಿಚಯ ಇದ್ದರೆ ಸಂತೋಷ. ಆದರೆ ನಿಮ್ಮ ಕುಟುಂಬದ ರಿಜಿಸ್ಟರ್ ಇರುವುದು ಅವರ ಬಳಿ ಅಲ್ಲ.

ಇನ್ನು "ನಾವು ಇಲ್ಲಿ ಬಾಡಿಗೆಗೆ ಇದ್ದೇವೆ, ಮೂರು ವರ್ಷಕ್ಕೆ ಹೋಗುವವರು, ನಮಗ್ಯಾಕೆ ನೋಂದಣಿ" ಎಂಬ ಮಾತು. ಮರಾಠಾ ರೆಜಿಮೆಂಟಿಗೆ ಬಂದ ಸೈನಿಕ ಕುಟುಂಬಗಳೂ ಕೆಎಲ್‌ಇ ಶಿಕ್ಷಣ ಸಂಸ್ಥೆಯ ಹಾಸ್ಟೆಲಿನ ವಿದ್ಯಾರ್ಥಿಗಳೂ ಇದನ್ನೇ ಹೇಳುತ್ತಾರೆ. ಧರ್ಮಸಭೆಯ ಕಾನೂನು ಬೇರೆ ಹೇಳುತ್ತದೆ. ಒಂದು ಕಡೆ ಮೂರು ತಿಂಗಳು ಇರುವ ಉದ್ದೇಶದಿಂದ ಬಂದರೆ, ಇಲ್ಲವೇ ಬಂದು ಮೂರು ತಿಂಗಳಾದರೆ, ಅಲ್ಲಿ ನಿಮಗೆ ಅರೆವಾಸದ ಹಕ್ಕು ಬರುತ್ತದೆ. ಅಲ್ಲಿನ ಧರ್ಮಗುರು ನಿಮ್ಮ ಧರ್ಮಗುರುವಾಗುತ್ತಾರೆ. ಊರಿನ ಧರ್ಮಕೇಂದ್ರ ಅದರಿಂದ ಕೈತಪ್ಪುವುದಿಲ್ಲ. ಎರಡೂ ಇರುತ್ತವೆ.

## ಹಂತ 2: ಮೊದಲ ಕೆಲವು ಭಾನುವಾರ ಸುಮ್ಮನೆ ಗಮನಿಸಿ

ಯಾವ ಹೊತ್ತಿಗೆ ಯಾವ ಭಾಷೆಯ ಪೂಜೆ ಎಂದು ನೋಟಿಸ್ ಬೋರ್ಡಿನ ಫೋಟೊ ತೆಗೆದುಕೊಳ್ಳಿ. ಬೆಳಗಾವಿಯಲ್ಲಿ ಕೊಂಕಣಿ, ಮರಾಠಿ, ಇಂಗ್ಲಿಷ್, ಕನ್ನಡ ನಾಲ್ಕೂ ಕಿವಿಗೆ ಬೀಳುತ್ತವೆ. ಎಲ್ಲ ಚರ್ಚಿನಲ್ಲೂ ಎಲ್ಲ ಭಾಷೆಯ ಪೂಜೆ ಇರುವುದಿಲ್ಲ. ನಿಮಗೆ ಅರ್ಥವಾಗುವ ಭಾಷೆಯ ಪೂಜೆ ಆರಿಸಿಕೊಂಡು ಪ್ರತಿ ವಾರ ಅದೇ ಪೂಜೆಗೆ ಹೋಗಿ. ಒಂದು ವಾರ ಬೆಳಿಗ್ಗೆ, ಒಂದು ವಾರ ಸಂಜೆ, ಇನ್ನೊಂದು ವಾರ ಬೇರೆ ಚರ್ಚು ಎಂದು ಅಲೆದರೆ ಯಾರ ಕಣ್ಣಿಗೂ ನೀವು ಬೀಳುವುದಿಲ್ಲ.

ಕೊನೆಯ ಪ್ರಕಟಣೆಗಳನ್ನು ಕೂತು ಕೇಳಿ. ಆಫೀಸ್ ವೇಳೆ, ವಾರ್ಡಿನ (ಧರ್ಮಕೇಂದ್ರದೊಳಗಿನ ಓಣಿಗಳ ಗುಂಪಿನ) ಪ್ರಾರ್ಥನೆ ಯಾರ ಮನೆಯಲ್ಲಿ, ಫಾದರ್ ಯಾವಾಗ ಊರಲ್ಲಿರುವುದಿಲ್ಲ, ಎಲ್ಲ ಅಲ್ಲೇ ಗೊತ್ತಾಗುತ್ತದೆ. ಇಬ್ಬರು ಗುರುಗಳಿದ್ದರೆ ಮುಖ್ಯ ಧರ್ಮಗುರು ಯಾರು, ಸಹಾಯಕ ಗುರು ಯಾರು ಎಂದೂ ತಿಳಿದುಕೊಳ್ಳಿ.

## ಹಂತ 3: ಪೂಜೆಯ ನಂತರ ಬಾಗಿಲ ಬಳಿಯ ಅರ್ಧ ನಿಮಿಷ

ಪೂಜೆ ಮುಗಿದ ಮೇಲೆ ಫಾದರ್ ಬಾಗಿಲ ಬಳಿ ನಿಲ್ಲುವ ರೂಢಿ ಬಹಳ ಕಡೆ ಇದೆ. ಅಲ್ಲಿ ನಿಮಗಿರುವುದು ಅರ್ಧ ನಿಮಿಷ. ಅಷ್ಟರಲ್ಲಿ ಮೂರು ಸಂಗತಿ ಮುಟ್ಟಿಸಿದರೆ ಸಾಕು: ಹೆಸರು, ಎಲ್ಲಿಂದ ಬಂದಿರಿ, ಈಗ ಎಲ್ಲಿದ್ದೀರಿ.

"ನಮಸ್ಕಾರ ಫಾದರ್. ನಾವು ಶಿವಮೊಗ್ಗದಿಂದ ಹೊಸದಾಗಿ ಬಂದಿದ್ದೇವೆ. ಹಿಂಡಲಗಾದಲ್ಲಿ ಮನೆ ಮಾಡಿದ್ದೇವೆ. ಇವಳು ನನ್ನ ಹೆಂಡತಿ, ಇವನು ಮಗ."

"ಹೌದ್ರಿ? ಛಲೋ ಆತು. ಮಗಾ ಎಷ್ಟನೇ ಇಯತ್ತೆ?"

"ಐದನೇದು ಫಾದರ್. ಒಮ್ಮೆ ಆಫೀಸಿಗೆ ಬಂದು ಹೆಸರು ಬರೆಸಬೇಕಿತ್ತು. ಯಾವಾಗ ಬರಲಿ?"

"ಬುಧವಾರ ಸಂಜೀಕ ಬರ್ರಿ."

ಇಲ್ಲಿಗೆ ನಿಲ್ಲಿಸಿ. ನಿಮ್ಮ ಹಿಂದೆ ಪೂಜೆಯ ಉದ್ದೇಶ ಬರೆಸುವ ಅಜ್ಜಿ ನಿಂತಿದ್ದಾಳೆ, ಅವಳ ಹಿಂದೆ ಪೀಠಬಾಲಕನ ಅಂಗಿ ಸಣ್ಣದಾಯಿತು ಎನ್ನುವ ತಾಯಿ. ಹಳೇ ಚರ್ಚಿನ ಕಥೆ, ಮನೆ ಮಾಲೀಕನ ಕಿರಿಕಿರಿ, ಪ್ರಬೋಧನೆಯಲ್ಲಿ ಅವರು ಹೇಳಿದ ಒಂದು ಮಾತಿನ ಮೇಲೆ ನಿಮ್ಮ ಅಭಿಪ್ರಾಯ, ಯಾವುದಕ್ಕೂ ಇದು ಜಾಗವಲ್ಲ. ಆ ಅರ್ಧ ನಿಮಿಷದಲ್ಲಿ ನಿಜಕ್ಕೂ ಗಿಟ್ಟಿಸಬೇಕಾದದ್ದು ಕೊನೆಯ ಸಾಲು ಒಂದೇ, ಭೇಟಿಯ ದಿನ.

ಹೇಗೆ ಕರೆಯಬೇಕು ಎಂಬ ಅಂಜಿಕೆ ಕೆಲವರಿಗಿರುತ್ತದೆ. "ಫಾದರ್" ಎಲ್ಲ ಕಡೆ ನಡೆಯುತ್ತದೆ. ಹಿರಿಯರು "ಸ್ವಾಮಿ", "ಗುರುಗಳೇ" ಎನ್ನುವುದೂ ಉಂಟು. ವಯಸ್ಸಿನಲ್ಲಿ ನಿಮಗಿಂತ ಚಿಕ್ಕವರಾದರೂ ಬಹುವಚನವೇ ಇರಲಿ. ಹೆಸರು ಹಿಡಿದು ಬರೀ "ಬ್ರೋ" ಧಾಟಿಯಲ್ಲಿ ಮಾತಾಡುವ ಹೊಸ ಹುಡುಗರ ರೀತಿ ಯುವಕ ಸಂಘದಲ್ಲಿ ನಡೆದೀತು, ಬಾಗಿಲ ಬಳಿ ನಡೆಯುವುದಿಲ್ಲ.

ಬಾಗಲಕೋಟೆ, ವಿಜಯಪುರದ ಕಡೆ ಈ ಹಂತ ಸ್ವಲ್ಪ ಬೇರೆ. ಅಲ್ಲಿ ಕಥೋಲಿಕ ಮನೆಗಳು ಕಡಿಮೆ, ಧರ್ಮಕೇಂದ್ರದ ಹರವು ದೊಡ್ಡದು. ಪಟ್ಟಣದ ಪೂಜೆ ಮುಗಿಸಿ ಫಾದರ್ ಹಳ್ಳಿಯ ಉಪಕೇಂದ್ರಕ್ಕೆ ಹೊರಡುವ ಅವಸರದಲ್ಲಿದ್ದರೆ ಜೀಪಿನ ಬಾಗಿಲು ಹಿಡಿದು ನಿಲ್ಲಿಸಬೇಡಿ. ವಾರದ ದಿನ ಬೆಳಗಿನ ಪೂಜೆಗೆ ಹೋಗಿ. ನಾಲ್ಕೇ ಜನ ಇರುತ್ತಾರೆ, ಪೂಜೆ ಮುಗಿದ ಮೇಲೆ ಅವರೇ ನಿಮ್ಮನ್ನು ಮಾತಾಡಿಸುತ್ತಾರೆ.

## ಹಂತ 4: ಆಫೀಸಿನಲ್ಲಿ ಹೆಸರು ಬರೆಸುವುದು

ಹೇಳಿದ ದಿನ, ಹೇಳಿದ ಹೊತ್ತಿಗೆ ಫೈಲು ಹಿಡಿದು ಹೋಗಿ. ಬಹಳ ಕಡೆ ಸೋಮವಾರ ಗುರುಗಳ ಬಿಡುವಿನ ದಿನ, ಅದನ್ನು ತಪ್ಪಿಸಿ. ಮಧ್ಯಾಹ್ನ ಊಟದ ಮೇಲಿನ ಹೊತ್ತೂ ಬೇಡ.

ಆಫೀಸಿನಲ್ಲಿ ಮೊದಲು ಸಿಗುವವರು ಗುಮಾಸ್ತರೋ, ಸಿಸ್ಟರೋ, ಧರ್ಮೋಪದೇಶ ಕಲಿಸುವ ಉಪದೇಶಿಯೋ ಆಗಿರಬಹುದು. ಅವರನ್ನು ದಾಟಿ "ನಮಗೆ ಫಾದರೇ ಬೇಕು" ಎನ್ನುವುದು ಇನ್ನೊಂದು ಸಾಮಾನ್ಯ ತಪ್ಪು. ಫಾದರ್ ಕೆಲವು ವರ್ಷಕ್ಕೆ ಬದಲಾಗುತ್ತಾರೆ, ಆಫೀಸಿನವರು ಇಲ್ಲೇ ಇರುತ್ತಾರೆ. ಯಾರ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ, ಯಾವ ಕಪಾಟಿನಲ್ಲಿ ಯಾವ ಇಸವಿಯ ರಿಜಿಸ್ಟರ್ ಇದೆ ಎಂದು ಗೊತ್ತಿರುವುದು ಅವರಿಗೇ.

ಕುಟುಂಬದ ಹಾಳೆಯಲ್ಲಿ ಕೇಳುವುದು ಹೆಚ್ಚೂಕಡಿಮೆ ಇಷ್ಟು: ಎಲ್ಲರ ಪೂರ್ಣ ಹೆಸರು, ಹುಟ್ಟಿದ ದಿನ, ಜ್ಞಾನಸ್ನಾನ ಆದ ಚರ್ಚು ಮತ್ತು ದಿನಾಂಕ, ಪ್ರಥಮ ಪರಮಪ್ರಸಾದ, ದೃಢೀಕರಣ, ಮದುವೆ, ಉದ್ಯೋಗ, ಫೋನು. ಹೆಸರಿನ ಕಾಗುಣಿತದ ಕಡೆ ಕಣ್ಣಿಡಿ. ಜ್ಞಾನಸ್ನಾನದ ರಿಜಿಸ್ಟರಿನಲ್ಲಿ "ಅಂತೋನಿ", ಆಧಾರಿನಲ್ಲಿ "ಆಂಟನಿ", ಶಾಲೆಯಲ್ಲಿ "ಆಂಥೋನಿ" ಎಂದಿದ್ದರೆ ಇವತ್ತೇ ಹೇಳಿ. ಮದುವೆಗೆ ತಿಂಗಳಿರುವಾಗ ಗೊತ್ತಾದರೆ ಎಲ್ಲರೂ ಓಡಾಡಬೇಕಾಗುತ್ತದೆ.

ಕೇರಳದ ಕುಟುಂಬಗಳು ಇಲ್ಲಿ ಒಂದು ಮಾತು ಮರೆಯದೆ ಹೇಳಬೇಕು. ನೀವು ಸಿರೋ ಮಲಬಾರ್ ಅಥವಾ ಸಿರೋ ಮಲಂಕರ ವಿಧಿಯವರಾಗಿದ್ದರೆ (ಕಥೋಲಿಕರೊಳಗಿನ ಬೇರೆ ಪೂಜಾ ಪರಂಪರೆಗಳಿವು) ನೋಂದಣಿಯ ದಿನವೇ ತಿಳಿಸಿ. ಲತೀನ್ ವಿಧಿಯ ಚರ್ಚಿನಲ್ಲಿ ಪೂಜೆ, ಪರಮಪ್ರಸಾದ ಎಲ್ಲಕ್ಕೂ ಅಡ್ಡಿಯಿಲ್ಲ. ಜ್ಞಾನಸ್ನಾನ, ಮದುವೆ ಬಂದಾಗ ಮಾತ್ರ ಯಾವ ವಿಧಿಯವರು ಎಂಬುದು ಮುಖ್ಯವಾಗುತ್ತದೆ.

ಹೊರಡುವಾಗ ನಿಮ್ಮದು ಯಾವ ವಾರ್ಡು, ಕಿರು ಕ್ರೈಸ್ತ ಸಮುದಾಯದ ಮುಂದಾಳು ಯಾರು ಎಂದು ಕೇಳಿ ನಂಬರ್ ಬರೆದುಕೊಳ್ಳಿ. ಆರನೇ ಹಂತದಲ್ಲಿ ಅದು ಬೇಕಾಗುತ್ತದೆ.

## ಹಂತ 5: ಕುಳಿತು ಮಾತಾಡುವ ಮೊದಲ ಭೇಟಿ

ನೋಂದಣಿಯ ದಿನವೇ ಫಾದರ್ "ಕುಂದ್ರಿ, ಚಾ ತಗೋತೀರೇನು?" ಅಂದರೆ ಈ ಹಂತ ಅಲ್ಲೇ ಆಗಿಹೋಗುತ್ತದೆ. ಅನ್ನದಿದ್ದರೆ ಎರಡು ಮೂರು ವಾರ ಬಿಟ್ಟು ಬೇರೆ ಸಮಯ ಕೇಳಿ. ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಕೊನೆಯ ವಾರ, ಕ್ರಿಸ್ಮಸ್ ಹಿಂದಿನ ಹದಿನೈದು ದಿನ, ಚರ್ಚಿನ ಹಬ್ಬದ ನೊವೆನಾ (ಒಂಬತ್ತು ದಿನದ ಪ್ರಾರ್ಥನೆ) ಇರುವ ದಿನಗಳು, ಈ ಮೂರರಲ್ಲಿ ಕೇಳಲೇಬೇಡಿ. ಫಾತಿಮಾ ಮಾತೆಯ ಹೆಸರಿನ ಚರ್ಚಾದರೆ ಮೇ 13, ಸಂತ ಅಂತೋನಿಯವರದಾದರೆ ಜೂನ್ 13. ಕೊಂಕಣಿ ಮನೆಗಳು ಹೆಚ್ಚಿರುವ ಕಡೆ ಸೆಪ್ಟೆಂಬರ್ 8ರ ಮೊಂತಿ ಹಬ್ಬದ (ಮರಿಯಮ್ಮನವರ ಹುಟ್ಟುಹಬ್ಬ) ಹಿಂದಿನ ಒಂಬತ್ತು ದಿನವೂ ಗುರುಗಳಿಗೆ ಪುರುಸೊತ್ತು ಇರುವುದಿಲ್ಲ.

ಕೈಯಲ್ಲಿ ಏನಾದರೂ ಒಯ್ಯಬೇಕೇ? ಬೇಕಿಲ್ಲ. ಬೆಳಗಾವಿಯಲ್ಲಿ ಎಲ್ಲರೂ ಕುಂದಾ ಡಬ್ಬಿಯನ್ನೇ ಒಯ್ಯುತ್ತಾರೆ. ಗುರುಗಳ ಮನೆಯ ಫ್ರಿಜ್ಜಿನಲ್ಲಿ ಅದಕ್ಕೆ ಜಾಗವಿರುವುದಿಲ್ಲ, ಎಷ್ಟೋ ಗುರುಗಳಿಗೆ ಸಕ್ಕರೆ ಕಾಯಿಲೆ ಬೇರೆ. ನಿಮ್ಮ ಊರಿನ ಸಾದಾ ತಿಂಡಿ ಇದ್ದರೆ ಒಯ್ಯಿರಿ, ಮಾತು ಅಲ್ಲಿಂದಲೇ ಶುರುವಾಗುತ್ತದೆ. ಮೊದಲ ಭೇಟಿಯಲ್ಲಿ ಕವರಿನಲ್ಲಿ ದುಡ್ಡು ಬೇಡವೇ ಬೇಡ.

ಏನು ಮಾತಾಡಬೇಕು? ನನ್ನ ಸಲಹೆ: ಮೊದಲು ಕೇಳಿ, ಆಮೇಲೆ ಹೇಳಿ. ಫಾದರ್ ಯಾವ ಊರಿನವರು, ಇಲ್ಲಿಗೆ ಬಂದು ಎಷ್ಟು ವರ್ಷವಾಯಿತು, ಹಿಂದೆ ಎಲ್ಲಿದ್ದರು, ಇಷ್ಟು ಕೇಳಿದರೆ ಮುಖ ಅರಳುತ್ತದೆ. ಈ ಧರ್ಮಪ್ರಾಂತ್ಯದಲ್ಲಿ ಗೋವೆ ಕಡೆಯವರು, ಮಂಗಳೂರು ಕಡೆಯವರು, ಈ ಮಣ್ಣಿನವರೇ ಆದವರು ಎಲ್ಲರೂ ಸಿಗುತ್ತಾರೆ. ಅವರೂ ಒಂದು ಕಾಲದಲ್ಲಿ ಈ ಊರಿಗೆ ಹೊಸಬರಾಗಿ ಬಂದವರೇ. ಆಮೇಲೆ ನಿಮ್ಮ ಮನೆಯ ಸುದ್ದಿ: ಯಾರ್ಯಾರಿದ್ದೀರಿ, ಮಕ್ಕಳ ಧರ್ಮೋಪದೇಶ ಎಲ್ಲಿಗೆ ಬಂದಿತ್ತು, ಹಿಂದಿನ ಚರ್ಚಿನಲ್ಲಿ ಏನು ಮಾಡುತ್ತಿದ್ದಿರಿ, ಮನೆಯಲ್ಲಿ ಕಾಯಿಲೆಯವರು, ವಯಸ್ಸಾದವರು ಇದ್ದಾರೆಯೇ.

ಮುಚ್ಚಿಡಬಾರದ ಸಂಗತಿಗಳೂ ಇವೆ, ಅವುಗಳನ್ನು ಈ ಭೇಟಿಯಲ್ಲಿ ಹೇಳುವುದು ಲೇಸು. ಮದುವೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾತ್ರ ಆಗಿದೆ, ಚರ್ಚಿನಲ್ಲಿ ಆಗಿಲ್ಲ. ಸಂಗಾತಿ ಬೇರೆ ಧರ್ಮದವರು. ಮೊದಲ ಮದುವೆ ಮುರಿದಿದೆ. ಮಗುವಿಗೆ ಇನ್ನೂ ಜ್ಞಾನಸ್ನಾನ ಆಗಿಲ್ಲ. ಇಂಥದನ್ನು ಹೇಳಲು ನಾಚಿ ವರ್ಷಗಟ್ಟಲೆ ಪರಮಪ್ರಸಾದದ ಹೊತ್ತಿಗೆ ಹೊರಗೆ ಹೋಗಿ ನಿಲ್ಲುವವರಿದ್ದಾರೆ. ಚರ್ಚಿನ ಹೊರಗೆ ಆದ ಮದುವೆಯನ್ನು ಸರಿಪಡಿಸಿಕೊಳ್ಳುವ ದಾರಿ ಧರ್ಮಸಭೆಯ ಕಾನೂನಿನಲ್ಲೇ ಇದೆ. ಮುರಿದ ಮದುವೆಯನ್ನು ಪರಿಶೀಲಿಸಲು ಧರ್ಮಪ್ರಾಂತ್ಯಗಳಲ್ಲಿ ನ್ಯಾಯಮಂಡಳಿ ಇದೆ. ಯಾವುದು ನಿಮಗೆ ಹೊಂದುತ್ತದೆ ಎಂದು ಫಾದರ್ ಹೇಳಬೇಕಾದರೆ ಅವರಿಗೆ ಸಂಗತಿ ಗೊತ್ತಿರಬೇಕು.

ಇದನ್ನೇ ಪಾಪನಿವೇದನೆಯಲ್ಲಿ ಹೇಳಿ ಪರಿಚಯ ಮುಗಿಸಿದೆ ಎಂದುಕೊಳ್ಳುವವರಿಗೆ ಒಂದು ಎಚ್ಚರಿಕೆ. ಅಲ್ಲಿ ಕೇಳಿದ್ದನ್ನು ಗುರುಗಳು ಹೊರಗೆ ಎತ್ತುವಂತಿಲ್ಲ, ನಿಮ್ಮೆದುರಿಗೂ ತಾವಾಗಿ ಎತ್ತುವುದಿಲ್ಲ. ಆ ಗುಟ್ಟು ಮುರಿಯುವಂಥದ್ದೇ ಅಲ್ಲ. ಆದ್ದರಿಂದ ನೆರವು ಬೇಕಾದ ಸಂಗತಿಯನ್ನು ಆಫೀಸಿನಲ್ಲಿ ಮತ್ತೊಮ್ಮೆ ನೀವೇ ಹೇಳಬೇಕು. "ಅವತ್ತು ಹೇಳಿದ್ದೆನಲ್ಲ ಫಾದರ್" ಎಂದರೆ ಅವರು ಸುಮ್ಮನೆ ನೋಡುತ್ತಾರೆ. ಅದನ್ನು ಅಸಡ್ಡೆ ಎಂದು ತಿಳಿಯಬೇಡಿ.

ಭೇಟಿ ಇಪ್ಪತ್ತು ನಿಮಿಷ ದಾಟದಿರಲಿ. ಹಿಂದಿನ ಊರಿನ ಗುರುಗಳ ಜೊತೆ ಹೋಲಿಸುವುದು, ಈ ಚರ್ಚಿನ ಕ್ವಾಯರ್ ಸರಿಯಿಲ್ಲ ಎನ್ನುವುದು, ವಾರ್ಡಿನ ಜಗಳದಲ್ಲಿ ಯಾರ ಕಡೆ ಎಂದು ತೋರಿಸಿಕೊಳ್ಳುವುದು ಎಲ್ಲ ಸದ್ಯಕ್ಕೆ ಬೇಡ. ಹೊಸಬರು ಬಂದರೆ ತಮ್ಮ ಗುಂಪಿಗೆ ಎಳೆದುಕೊಳ್ಳುವವರು ಎಲ್ಲ ಚರ್ಚಿನಲ್ಲೂ ಇರುತ್ತಾರೆ. ಭಾಷೆಯ ವಿಷಯದಲ್ಲಂತೂ ಬೆಳಗಾವಿಯಲ್ಲಿ ನಾಲಿಗೆ ಹಿಡಿತದಲ್ಲಿರಬೇಕು. ಕನ್ನಡದ ಪೂಜೆ ಬೇಕು ಎನ್ನಿಸಿದರೆ ತಪ್ಪಿಲ್ಲ. ಅದನ್ನು ಒಂದಿಷ್ಟು ಮನೆಯವರು ಸೇರಿ ಪಾಲನಾ ಸಮಿತಿಯ (ಫಾದರಿಗೆ ಸಲಹೆ ಕೊಡುವ ಧರ್ಮಕೇಂದ್ರದ ಸಮಿತಿ) ಮೂಲಕ ಕೇಳಿ. ಮೊದಲ ಭೇಟಿಯಲ್ಲೇ ಮೇಜು ಕುಟ್ಟಿ ಕೇಳುವ ವಿಷಯ ಅದಲ್ಲ.

## ಹಂತ 6: ಮನೆಗೆ ಕರೆಯುವುದು

ಧರ್ಮಕೇಂದ್ರದ ಕುಟುಂಬಗಳನ್ನು ಭೇಟಿ ಮಾಡಿ ತಿಳಿದುಕೊಳ್ಳುವುದು ಧರ್ಮಗುರುವಿನ ಕರ್ತವ್ಯ ಎಂದು ಧರ್ಮಸಭೆಯ ಕಾನೂನಿನಲ್ಲೇ ಬರೆದಿದೆ. ಹಾಗಾಗಿ ಕರೆಯಲು ಸಂಕೋಚ ಬೇಡ. ಹೊಸ ಮನೆಗೆ ಬಂದಿರುವುದರಿಂದ ಕಾರಣವೂ ಸಿದ್ಧವಿದೆ, ಮನೆ ಆಶೀರ್ವಾದ. ಬಾಡಿಗೆ ಮನೆಗೂ ಮಾಡಿಸಬಹುದು. ಮಾಲೀಕರು ಬೇರೆ ಧರ್ಮದವರಾಗಿದ್ದರೆ ಮುಂಚೆ ಒಂದು ಮಾತು ಹೇಳಿ. ಅವರನ್ನೂ ಚಹಾಕ್ಕೆ ಕರೆದರೆ ಇನ್ನೂ ಒಳ್ಳೆಯದು.

ಒಂದು ಚಿಕ್ಕ ಮೇಜು, ಅದರ ಮೇಲೆ ಬಿಳಿ ಬಟ್ಟೆ, ಶಿಲುಬೆ, ಎರಡು ಮೇಣದಬತ್ತಿ, ಒಂದು ಬಟ್ಟಲು ನೀರು. ತಯಾರಿ ಇಷ್ಟೇ. ಪ್ರಾರ್ಥನೆ ಹದಿನೈದು ನಿಮಿಷ. ಪೂರ್ತಿ ಊಟಕ್ಕೆ ಕರೆಯುವುದಾದರೆ ಮುಂಚೆ ಹೇಳಿ, ಏನು ತಿನ್ನುವುದಿಲ್ಲ ಎಂದು ಕೇಳಿಕೊಳ್ಳಿ. ತಪಸ್ಸುಕಾಲದ ಶುಕ್ರವಾರ ಕೋಳಿ ಮಾಡಿಟ್ಟು ಕೂತರೆ ನಗೆಪಾಟಲಾಗುತ್ತದೆ.

ವಾರ್ಡಿನ ಮುಂದಾಳಿಗೆ ಮೊದಲೇ ಹೇಳುವುದನ್ನು ಮರೆಯಬೇಡಿ. ಓಣಿಯ ಇತರ ಎರಡು ಮೂರು ಕಥೋಲಿಕ ಮನೆಯವರನ್ನೂ ಅದೇ ಸಂಜೆ ಕರೆಯಿರಿ. ಫಾದರ್ ಪರಿಚಯಕ್ಕೆ ಹೊರಟವರಿಗೆ ನೆರೆಹೊರೆಯೂ ಸಿಗುತ್ತದೆ. ದಿನ ಕಳೆದಂತೆ ಹೆಚ್ಚು ಒದಗುವವರು ಅವರೇ.

## ಹಂತ 7: ಒಂದು ಕೆಲಸ ಹಿಡಿಯಿರಿ, ಒಂದೇ

ಮಾತಿನಿಂದ ಆಗುವ ಪರಿಚಯಕ್ಕೆ ಮಿತಿಯಿದೆ. ಜೊತೆಯಲ್ಲಿ ಕೆಲಸ ಮಾಡಿದವರ ಹೆಸರು ಗುರುಗಳಿಗೆ ಮರೆಯುವುದಿಲ್ಲ. ಕನ್ನಡ ಸ್ಪಷ್ಟವಾಗಿ ಓದಬಲ್ಲವರು ವಾಚನಕ್ಕೆ ಹೆಸರು ಕೊಡಿ, ಓದುವವರ ಕೊರತೆ ಇದ್ದೇ ಇರುತ್ತದೆ. ದನಿ ಇದ್ದರೆ ಗಾನವೃಂದ. ಮಗನಿಗೆ ಪ್ರಥಮ ಪರಮಪ್ರಸಾದ ಆಗಿದ್ದರೆ ಪೀಠಬಾಲಕರ ಬಳಗ. ಲೆಕ್ಕ ಬಲ್ಲವರು, ನಿವೃತ್ತ ಬ್ಯಾಂಕಿನವರು ಸಂತ ವಿನ್ಸೆಂಟ್ ದೆ ಪೌಲ್ ಸಭೆಯ ಕಡೆ ಹೋಗಿ, ಬಡವರ ಮನೆಗೆ ಹೋಗಿಬರುವ ಕೆಲಸ ಅವರದು. ಯಾವುದೂ ಬರದಿದ್ದರೆ ಹಬ್ಬದ ಹಿಂದಿನ ದಿನ ಪೆಂಡಾಲಿನ ಹತ್ತಿರ ಹೋಗಿ ನಿಂತರೆ ಸಾಕು, ಯಾರಾದರೂ ಹಗ್ಗದ ತುದಿ ಕೈಗೆ ಕೊಡುತ್ತಾರೆ.

ಉತ್ಸಾಹದಲ್ಲಿ ನಾಲ್ಕಕ್ಕೆ ಹೆಸರು ಕೊಟ್ಟು ಎರಡನೇ ತಿಂಗಳಿಗೆ ಎಲ್ಲವನ್ನೂ ಬಿಡುವವರಿಗಿಂತ ಒಂದನ್ನು ಹಿಡಿದು ನಿಲ್ಲುವವರು ಮೇಲು. ಬಂದ ವರ್ಷವೇ ಪಾಲನಾ ಸಮಿತಿಯ ಕುರ್ಚಿಗೆ ಕಣ್ಣು ಹಾಕುವುದಂತೂ ಬೇಡ.

ಇನ್ನೊಂದು ಸಣ್ಣ ಸಂಗತಿ: ಆಗಸ್ಟ್ 4 ಸಂತ ಜಾನ್ ಮರಿಯ ವಿಯಾನ್ನಿಯವರ ದಿನ, ಧರ್ಮಗುರುಗಳ ಪಾಲಕ ಸಂತರು. ಪವಿತ್ರ ಗುರುವಾರವೂ ಗುರುದೀಕ್ಷೆಯನ್ನು ನೆನೆಯುವ ದಿನ. ಆ ದಿನ ಒಂದು ಶುಭಾಶಯ ಹೇಳಿ. ಹುಟ್ಟುಹಬ್ಬ ಎಲ್ಲರಿಗೂ ನೆನಪಿರುತ್ತದೆ, ಇದನ್ನು ನೆನಪಿಡುವವರು ಕಡಿಮೆ.

## ಹಂತ 8: ಸಂಸ್ಕಾರದ ಕೆಲಸ ಬಂದಾಗ

ಇಲ್ಲಿಯವರೆಗಿನ ಹಂತ ಆಗಿದ್ದರೆ ಇದು ಸಲೀಸು. ಆದರೂ ಕೆಲವು ನಿಯಮ ಮುಂಚೆಯೇ ಗೊತ್ತಿದ್ದರೆ ಫಾದರ್ ಜೊತೆ ಮುನಿಸು ತಪ್ಪುತ್ತದೆ.

ಮಗುವಿನ ಜ್ಞಾನಸ್ನಾನಕ್ಕೆ ಹುಟ್ಟಿದ ಕೂಡಲೇ, ಸಾಧ್ಯವಾದರೆ ಹುಟ್ಟುವ ಮುಂಚೆಯೇ, ಹೋಗಿ ಹೇಳಿ. ಜ್ಞಾನತಂದೆ ಅಥವಾ ಜ್ಞಾನತಾಯಿ ಒಬ್ಬರಿದ್ದರೂ ನಡೆಯುತ್ತದೆ. ಇಬ್ಬರಾದರೆ ಒಬ್ಬ ಗಂಡಸು, ಒಬ್ಬ ಹೆಂಗಸು. ಸಾಮಾನ್ಯವಾಗಿ 16 ತುಂಬಿರಬೇಕು, ದೃಢೀಕರಣ ಪಡೆದ ಕಥೋಲಿಕರಾಗಿರಬೇಕು, ಮಗುವಿನ ಸ್ವಂತ ತಂದೆತಾಯಿ ಆಗಿರಬಾರದು. ಆಫೀಸಿನ ಪ್ರಾಣಸ್ನೇಹಿತ ಬೇರೆ ಧರ್ಮದವನಾಗಿದ್ದರೆ ಅವನಿಗೆ ಮಾತು ಕೊಟ್ಟು ಆಮೇಲೆ ಫಾದರಿಗೆ ಹೇಳಬೇಡಿ.

ಮದುವೆಗೆ ಹೊಸದಾಗಿ ತೆಗೆಸಿದ ಜ್ಞಾನಸ್ನಾನದ ಪ್ರಮಾಣಪತ್ರ ಕೇಳುತ್ತಾರೆ, ಆರು ತಿಂಗಳೊಳಗಿನದು ಎಂಬುದು ರೂಢಿ. ಮನೆಯಲ್ಲಿರುವ ಹಳೇ ಪ್ರತಿ ಏಕೆ ಸಾಲದು ಎಂದು ಜಗಳ ತೆಗೆಯುವವರಿಗೆ ಕಾರಣ ಇಷ್ಟು: ದೃಢೀಕರಣವೂ ಮದುವೆಯೂ ಜ್ಞಾನಸ್ನಾನದ ಅದೇ ರಿಜಿಸ್ಟರಿನ ಅಂಚಿನಲ್ಲಿ ದಾಖಲಾಗುತ್ತವೆ. ಹೊಸ ಪ್ರತಿಯಲ್ಲಿ ಮದುವೆಯ ದಾಖಲೆ ಇಲ್ಲದಿದ್ದರೆ ಚರ್ಚಿನಲ್ಲಿ ಮದುವೆಯಾಗಿಲ್ಲ ಎಂದು ತಿಳಿಯುತ್ತದೆ. ವಿವಾಹಪೂರ್ವ ಶಿಬಿರ, ಚರ್ಚಿನಲ್ಲಿ ಪ್ರಕಟಣೆ, ಇವಕ್ಕೂ ವಾರಗಳು ಬೇಕು. ಕಲ್ಯಾಣ ಮಂಟಪಕ್ಕೆ ಮುಂಗಡ ಕೊಟ್ಟ ಮೇಲೆ ಫಾದರ್ ಹತ್ತಿರ ದಿನ ಕೇಳುವುದು ನಮ್ಮ ಕಡೆಯ ದೊಡ್ಡ ರೋಗ. ಮೊದಲು ಚರ್ಚು, ಆಮೇಲೆ ಮಂಟಪ.

ದುಡ್ಡಿನ ಮಾತು. ಪೂಜೆಯ ಉದ್ದೇಶಕ್ಕೆ ಕಾಣಿಕೆ ಕೊಡುವ ಪದ್ಧತಿ ಇದೆ, ಮೊತ್ತ ಎಷ್ಟೆಂದು ಆಫೀಸಿನಲ್ಲಿ ಹೇಳುತ್ತಾರೆ. ಬಡತನದ ಕಾರಣಕ್ಕೆ ಯಾರಿಗೂ ಸಂಸ್ಕಾರ ತಪ್ಪಬಾರದು ಎಂಬುದು ಧರ್ಮಸಭೆಯ ನಿಯಮ. ಕೈ ಖಾಲಿ ಇದ್ದರೆ ನೇರವಾಗಿ ಹೇಳಿ. ಕೊಟ್ಟರೆ ರಸೀದಿ ಕೇಳುವುದು ಅಪನಂಬಿಕೆಯಲ್ಲ. ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಲೇಬೇಕು.

## ಹಂತ 9: ಆಸ್ಪತ್ರೆಗೆ ಕರೆಯುವುದು

ಫಾದರ್ ನಂಬರ್ ಫೋನಿನಲ್ಲಿರಲಿ, ಜೊತೆಗೆ ಆಫೀಸಿನದೂ. ಮನೆಯಲ್ಲಿ ಯಾರಿಗಾದರೂ ದೊಡ್ಡ ಕಾಯಿಲೆ, ದೊಡ್ಡ ಆಪರೇಷನ್ ಎಂದರೆ ಮುಂಚೆಯೇ ಕರೆ ಮಾಡಿ. ರೋಗಿಗಳ ಅಭ್ಯಂಗ (ಗುರುಗಳು ಪವಿತ್ರ ತೈಲ ಹಚ್ಚಿ ಪ್ರಾರ್ಥಿಸುವ ಸಂಸ್ಕಾರ) ಸಾಯುವವರಿಗೆ ಮಾತ್ರ ಎಂಬ ಹಳೇ ಭಯ ಇನ್ನೂ ಹೋಗಿಲ್ಲ. "ಈಗಲೇ ಫಾದರನ್ನು ಕರೆದರೆ ಅಪ್ಪ ಹೆದರಿಬಿಡುತ್ತಾರೆ" ಎಂದು ಕಾಯುತ್ತಾ ಕೂತು, ಉಸಿರು ನಿಂತ ಮೇಲೆ ಫೋನ್ ಮಾಡುತ್ತಾರೆ. ಅಭ್ಯಂಗ ಇರುವುದು ಬದುಕಿರುವವರಿಗೆ. ತೀರಿಕೊಂಡ ಮೇಲೆ ಫಾದರ್ ಬಂದು ಪ್ರಾರ್ಥನೆ ಮಾಡಬಲ್ಲರು, ಸಂಸ್ಕಾರ ಕೊಡಲಾರರು. ರೋಗಿಗೆ ಎಚ್ಚರವಿದ್ದು ಪಾಪನಿವೇದನೆ ಮಾಡಿ ಪರಮಪ್ರಸಾದ ಪಡೆಯುವ ಸ್ಥಿತಿಯಲ್ಲಿದ್ದಾಗಲೇ ಕರೆಸಿ.

ಫೋನಿನಲ್ಲಿ ಹೇಳಬೇಕಾದದ್ದು: ರೋಗಿಯ ಹೆಸರು, ಆಸ್ಪತ್ರೆ, ವಾರ್ಡು, ಬೆಡ್ ನಂಬರ್, ಗೇಟಿನ ಬಳಿ ಯಾರು ಕಾಯುತ್ತಾರೆ. ಕೆಎಲ್‌ಇ ಅಂಥ ದೊಡ್ಡ ಆಸ್ಪತ್ರೆಯಲ್ಲಿ ಬರೀ "ಐಸಿಯು" ಎಂದರೆ ಫಾದರ್ ಮಹಡಿ ಮಹಡಿ ಹತ್ತಿ ಇಳಿಯಬೇಕಾಗುತ್ತದೆ.

## ಎಚ್ಚರಿಕೆಯ ಗುರುತುಗಳು

ಫಾದರ್ ಫೋಟೊ ಇಟ್ಟುಕೊಂಡ ಅಪರಿಚಿತ ನಂಬರಿನಿಂದ "ಮೀಟಿಂಗಿನಲ್ಲಿದ್ದೇನೆ, ತುರ್ತಾಗಿ ದುಡ್ಡು ಹಾಕಿ" ಎಂದು ವಾಟ್ಸಾಪ್ ಬಂದರೆ ಅದು ಮೋಸ. ಹೊಸಬರು ಇದಕ್ಕೆ ಸುಲಭವಾಗಿ ಬೀಳುತ್ತಾರೆ, ಫಾದರ್ ಧ್ವನಿ, ಧಾಟಿ ಇನ್ನೂ ಗೊತ್ತಿರುವುದಿಲ್ಲ. ಆಫೀಸಿಗೆ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ.

ಗುರುಗಳೇ ಆಗಲಿ, ಉಪದೇಶಿಯೇ ಆಗಲಿ, ಕ್ವಾಯರ್ ಮಾಸ್ತರರೇ ಆಗಲಿ, ಮಗುವನ್ನು ಪದೇ ಪದೇ ಒಂಟಿಯಾಗಿ ಕರೆಯುವುದು, ಮನೆಯವರಿಗೆ ಹೇಳಬೇಡ ಎನ್ನುವುದು, ಗುಟ್ಟಾಗಿ ಉಡುಗೊರೆ ಕೊಡುವುದು ಕಂಡರೆ ಗೌರವದ ಹೆಸರಿನಲ್ಲಿ ಸುಮ್ಮನಿರಬೇಡಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೋ ಕಾಯ್ದೆ ಎಲ್ಲರಿಗೂ ಒಂದೇ. 2019ರಲ್ಲಿ ಪೋಪ್ ಫ್ರಾನ್ಸಿಸ್ ಹೊರಡಿಸಿದ ಆದೇಶದಂತೆ ಪ್ರತಿ ಧರ್ಮಪ್ರಾಂತ್ಯದಲ್ಲೂ ಇಂಥ ದೂರು ಸ್ವೀಕರಿಸುವ ವ್ಯವಸ್ಥೆ ಇರಬೇಕು. ಪೊಲೀಸರಿಗೆ ಹೇಳುವುದಕ್ಕೆ ಯಾರ ಅಪ್ಪಣೆಯೂ ಬೇಡ.

ನಿಮ್ಮ ಕಡೆಯಿಂದಲೂ ಗಡಿ ಇರಲಿ. ರಾತ್ರಿ ಹತ್ತರ ಮೇಲೆ ಹರಟೆಯ ಮೆಸೇಜು, ದಿನಕ್ಕೆ ಮೂರು ಸಲ "ಗುಡ್ ಮಾರ್ನಿಂಗ್" ಚಿತ್ರ, ಬೇರೆಯವರ ಮೇಲಿನ ಚಾಡಿ, ಇಂಥವು ಶುರುವಾದರೆ ಫಾದರ್ ನಿಮ್ಮ ಕರೆ ಎತ್ತುವುದನ್ನು ಕಡಿಮೆ ಮಾಡುತ್ತಾರೆ. ಆಸ್ಪತ್ರೆಯಿಂದ ಕರೆ ಮಾಡಿದ ದಿನವೂ ಎತ್ತದಿದ್ದರೆ ಕಷ್ಟ.

## ಹೊಂದಿಕೆ ಆಗದಿದ್ದರೆ

ಎಲ್ಲ ಗುರುಗಳೂ ನಗುಮುಖದವರಲ್ಲ. ಮಾತು ಕಡಿಮೆ ಇರುವವರು, ಸಿಡುಕಿನವರು, ಭಾಷೆ ತೊಡಕಾಗುವವರು ಇರುತ್ತಾರೆ. ಆರು ತಿಂಗಳು ಕೊಟ್ಟು ನೋಡಿ. ಆಗಲೂ ಮನಸ್ಸು ಬಿಚ್ಚಿ ಮಾತಾಡಲು ಆಗದಿದ್ದರೆ ಪಾಪನಿವೇದನೆಗೆ, ಸಲಹೆಗೆ ಬೇರೆ ಚರ್ಚಿನ ಗುರುಗಳ ಬಳಿ ಹೋಗಲು ನಿಮಗೆ ಪೂರ್ತಿ ಸ್ವಾತಂತ್ರ್ಯವಿದೆ. ನೋಂದಣಿ ಮಾತ್ರ ಇದ್ದ ಕಡೆಯೇ ಇರಲಿ. ಕೆಲಸದ ಮಟ್ಟಿಗೆ ನಮಸ್ಕಾರ, ಪ್ರತಿನಮಸ್ಕಾರ ಇದ್ದರೂ ಕಾಗದಪತ್ರ ನಡೆಯುತ್ತವೆ. ನಿಜವಾದ ತಕರಾರು ಇದ್ದರೆ ಮೊದಲು ಅವರೆದುರೇ, ಆಮೇಲೆ ಪಾಲನಾ ಸಮಿತಿಯಲ್ಲಿ, ಕೊನೆಗೆ ಧರ್ಮಾಧ್ಯಕ್ಷರಿಗೆ ಸಹಿ ಹಾಕಿದ ಕಾಗದದಲ್ಲಿ. ಅನಾಮಧೇಯ ಪತ್ರವನ್ನು ಯಾರೂ ಓದುವುದಿಲ್ಲ.

## ವರ್ಗಾವಣೆ ಬಂದಾಗ

ಇಷ್ಟೆಲ್ಲ ಮಾಡಿ ಪರಿಚಯ ಕುದುರುವ ಹೊತ್ತಿಗೆ ಫಾದರಿಗೇ ವರ್ಗವಾಗಬಹುದು. ಹೆಚ್ಚಾಗಿ ಬೇಸಿಗೆ ರಜೆಯಲ್ಲಿ, ಶಾಲೆ ಶುರುವಾಗುವ ಮುಂಚೆ. ಬೀಳ್ಕೊಡುಗೆಗೆ ಹೋಗಿ. ಹೊಸಬರು ಬಂದ ಮೇಲೆ ಮೂರನೇ ಹಂತದಿಂದ ಮತ್ತೆ ಶುರು. ಈ ಸಲ ರಿಜಿಸ್ಟರಿನಲ್ಲಿ ಹೆಸರು ಇರುವುದರಿಂದ ಕೆಲಸ ಅರ್ಧ ಮುಗಿದಿರುತ್ತದೆ.

ನಿಮಗೇ ವರ್ಗವಾದರೆ ಹೊರಡುವ ತಿಂಗಳು ಮುಂಚೆಯೇ ಆಫೀಸಿಗೆ ತಿಳಿಸಿ. ಇಲ್ಲಿ ಮಗುವಿಗೆ ಜ್ಞಾನಸ್ನಾನವಾಗಿದ್ದರೆ ಅದರ ಎರಡು ಪ್ರತಿ ತೆಗೆಸಿ, ಮುಂದಿನ ಊರಿನ ಧರ್ಮಗುರುಗಳಿಗೆ ಕಾಗದ ಬರೆಸಿಕೊಳ್ಳಿ. ಸಾಮಾನಿನ ಲಾರಿ ಬಾಗಿಲಿಗೆ ಬಂದು ನಿಂತ ದಿನ ಓಡಿದರೆ ಸಹಿ ಹಾಕಬೇಕಾದವರು ಉಪಕೇಂದ್ರಕ್ಕೆ ಹೋಗಿರುತ್ತಾರೆ, ಮೊಹರು ಕಪಾಟಿನೊಳಗೆ, ಕೀಲಿ ಅವರ ಜೇಬಿನಲ್ಲಿ.